ಬೀಬಾಪಕ್ಕ ಹುಡುಕುತ್ತಿದ್ದ ತಪ್ಪು

ಬೀದಿಯ ತಿರುವಿನಲ್ಲಿದ್ದ ಡ್ರೈಕ್ಲೀನಿಂಗ್ ಅಂಗಡಿಗೆ ಹೆಸರೂ ಇತ್ತು, ಫಲಕವೂ ಇತ್ತು. ಆದರೆ ಆ ಹೆಸರು ಹೇಳಿ ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ‘ಬೀಬಾಪಕ್ಕನ ಅಂಗಡಿ’ ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ಅಂಗಡಿ ನಡೆಸುತ್ತಿದ್ದವರು ಅಕ್ಕ, ತಂಗಿ ಇಬ್ಬರು. ಅಕ್ಕ ಒಳಗೆ ಉಗಿ ಇಸ್ತ್ರಿಯ ಮುಂದೆ, ತಂಗಿ ಹೊರಗೆ ಕೌಂಟರಿನ ಹಿಂದೆ. ಕೋಟಿನ ಮೇಲಿನ ಕಲೆ ನೋಡಿ ಅದು ಯಾವುದರದು ಎಂದು ಹೇಳುವುದು ಅಕ್ಕನ ಕೆಲಸ; ಆ ಕಲೆ ಹೇಗೆ ಬಿತ್ತು, ಯಾರ ಮನೆಯಲ್ಲಿ ಬಿತ್ತು, ಆಗ ಹೆಂಡತಿ ಎಲ್ಲಿದ್ದಳು ಎಂದು ಗಿರಾಕಿಯ ಬಾಯಿ ಬಿಡಿಸುವುದು ತಂಗಿಯ ಕೆಲಸ. ಅಕ್ಕ ಆಡದೆ ಉಳಿಸಿದ ಮಾತನ್ನೆಲ್ಲ ತಂಗಿಯೇ ಖರ್ಚು ಮಾಡುತ್ತಿದ್ದಳು.

ಬೀಬಾಪ್ ಎಂದರೆ ಜಾಜ್ ಸಂಗೀತದ ಒಂದು ಬಗೆ. ಅದಕ್ಕೆ ಮೊದಲಿನ ಜಾಜ್‌ಗೆ ಜನ ಕುಣಿಯುತ್ತಿದ್ದರಂತೆ. ಇದಕ್ಕೆ ಕುಣಿಯಲು ಹೋದರೆ ಕಾಲು ಉಳುಕುವುದು ಗ್ಯಾರಂಟಿ. ನಾಲ್ಕೈದು ಜನರ ಪುಟ್ಟ ತಂಡ, ತಲೆ ಮೇಲೆ ಬೆಂಕಿ ಬಿದ್ದವರಂಥ ಓಟ. ಅಕ್ಕನಿಗೆ ಆ ಅಡ್ಡಹೆಸರು ತಂದ ಇದರ ಹುಚ್ಚು ಹಿಡಿದದ್ದು ಹುಡುಗಿಯಾಗಿದ್ದಾಗ. ಒಂದು ಬೆಳಿಗ್ಗೆ ಯಾವನೋ ಮದುಮಗನ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮೈಮರೆತಿದ್ದಳು. ಕೋಟು ಸುಟ್ಟಿತು, ಅಪ್ಪ ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದ. ಅವಳು ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದಾಗ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹಡಗಿನ ಅಡುಗೆಯವನು ಗ್ರಾಮಫೋನಿಗೆ ಒಂದು ರೆಕಾರ್ಡಿನ ತಟ್ಟೆ ಹಾಕಿದ.

ತಟ್ಟೆಯೊಳಗೆ ಸ್ಯಾಕ್ಸೊಫೋನಿನವನು ಉಸಿರು ಬಿಡದೆ ಓಡುತ್ತಿದ್ದ. ಓಡುತ್ತ ಓಡುತ್ತ ಒಂದು ಕಡೆ ಎಡವಿದ. ಅದು ತಪ್ಪೇ ಎಂದು ಸಂಗೀತದ ಗಂಧ ಗಾಳಿ ಇಲ್ಲದ ಹುಡುಗಿಗೂ ತಿಳಿಯಿತು. ಆದರೆ ಅವನು ಬೀಳಲಿಲ್ಲ, ಹಿಂದಕ್ಕೂ ಹೋಗಲಿಲ್ಲ; ಎಡವಿದ ಜಾಗದಿಂದಲೇ ಬೇರೆ ದಾರಿ ಹಿಡಿದ. ಅವಳ ಅಳು ನಿಂತಿತು. ತಪ್ಪು ಮಾಡಿದ ಮೇಲೂ ಮುಂದೆ ಹೋಗಬಹುದು ಎಂದು ಆ ಮನೆಯಲ್ಲಿ ಅವಳಿಗೆ ಹೇಳಿದ ಮೊದಲನೆಯವನು ಅವನೇ. ಅಡುಗೆಯವನು ಮುಂದಿನ ಹಡಗು ಹತ್ತಿದ. ಗ್ರಾಮಫೋನೂ ಹೋಯಿತು, ತಟ್ಟೆಯೂ ಹೋಯಿತು.

ಆಗ ಶುರುವಾಯಿತು ಹುಡುಕಾಟ. ರಾಗದ ಹೆಸರು ಗೊತ್ತಿತ್ತು, ನುಡಿಸಿದವನ ಹೆಸರು ಗೊತ್ತಿತ್ತು, ಹಳೆಯ ಧ್ವನಿಮುದ್ರಣಗಳ ಮರುಮುದ್ರಣ ರೆಕಾರ್ಡು ಅಂಗಡಿಗಳಿಗೆ ಬರುತ್ತಲೂ ಇತ್ತು. ದೊಡ್ಡ ತಟ್ಟೆಯಲ್ಲಿ ಬಂತು, ಕೊಂಡಳು. ಅದರಲ್ಲಿ ಅವನು ಎಡವಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಬಂತು, ಸಿ.ಡಿ.ಯಲ್ಲಿ ಬಂತು, ‘ಅಪ್ಪಟ ಮೂಲ’ ಎಂಬ ಪಟ್ಟಿ ಹಚ್ಚಿಕೊಂಡು ಬಂತು. ಎಲ್ಲದರಲ್ಲೂ ಆ ಮಹರಾಯ ನೀಟಾಗಿ ಓಡಿ ನೀಟಾಗಿ ಮುಗಿಸುತ್ತಿದ್ದ. ಕಲೆ ಪರೀಕ್ಷಿಸುವ ಭೂತಗನ್ನಡಿಯ ದೀಪದ ಕೆಳಗೆ ಅಕ್ಕ ರಟ್ಟಿನ ಹಿಂಬದಿಯ ಸಣ್ಣಕ್ಷರವನ್ನೆಲ್ಲ ಓದುವಳು, ಉಸ್ಸೆನ್ನುವಳು, ಮುಂದಿನ ಮರುಮುದ್ರಣಕ್ಕೆ ಕಾಯುವಳು.

“ಒಂದೇ ಅಂಗೀನ ಎಷ್ಟು ಅಂಗಡೀಲಿ ಕೊಂಡ್ಕೋತೀಯೇ?” ಎಂದು ತಂಗಿ ರೇಗಿಸುವಳು. ಮದುವೆಯಾಗಿ ಎರಡು ಬೀದಿ ಆಚೆ ಹೋಗಿದ್ದ ತಂಗಿ, ಗಂಡ ತೀರಿಕೊಂಡ ಮೇಲೆ ತನ್ನ ಹಳೆಯ ಕೋಣೆಗೇ ಮರಳಿದ್ದಳು. ಗೋಡೆಯಾಚೆ ಅಕ್ಕನ ಸ್ಯಾಕ್ಸೊಫೋನು, ಗೋಡೆಯೀಚೆ ಇವಳ ಬೈಗುಳ. “ಕುಯ್ಯೋ ಮುರ್ರೋ ಅಂತ ಏನು ಕರ್ಮ ಇದು! ಯಾರದೋ ಬಾಲ ತುಳಿದ ಹಾಗಿದೆ.” ಅಕ್ಕನಿಗೂ ಒಬ್ಬ ಗಡಿಯಾರ ರಿಪೇರಿಯವನು ಗಂಟು ಬಿದ್ದಿದ್ದ, ಒಳ್ಳೆಯವನೇ. ಒಂದು ಸಂಜೆ ರೆಕಾರ್ಡು ಕೇಳಿಸಿದಾಗ “ಇವರಿಗೆಲ್ಲ ಯಾಕಿಷ್ಟು ಅವಸರ?” ಎಂದುಬಿಟ್ಟ. ಆ ಸಂಬಂಧ ಅಲ್ಲಿಗೇ ಎಕ್ಕುಟ್ಟಿತು. ತಂಗಿ ಆ ಬಗ್ಗೆ ಅಕ್ಕನನ್ನು ಇವತ್ತಿಗೂ ಕ್ಷಮಿಸಿಲ್ಲ; ಅಂಥ ಬಾವ ಸಿಕ್ಕಿದ್ದರೆ ಅಡುಗೆಮನೆಯ ಗಡಿಯಾರವಾದರೂ ಸರಿಯಾಗಿ ನಡೆಯುತ್ತಿತ್ತು ಎಂಬುದು ಅವಳ ಸಂಕಟ.

ಅಕ್ಕನ ತರ್ಕ ಇಷ್ಟೆ. ಆ ಕಾಲದಲ್ಲಿ ಸ್ಟುಡಿಯೋದಲ್ಲಿ ಒಂದೇ ರಾಗವನ್ನು ನಾಲ್ಕಾರು ಸಲ ನುಡಿಸಿ, ಚೆನ್ನಾಗಿ ಬಂದ ಸರದಿಯನ್ನು ಅಚ್ಚು ಹಾಕುತ್ತಿದ್ದರು. ಮೊದಲ ಕಂತಿನ ತಟ್ಟೆಗಳಲ್ಲಿ ಕಂಪನಿಯವರು ಕಣ್ತಪ್ಪಿ ಎಡವಿದ ಸರದಿಯನ್ನೇ ಅಚ್ಚು ಹಾಕಿದ್ದಾರೆ. ಗೊತ್ತಾದ ಕೂಡಲೇ ಸದ್ದಿಲ್ಲದೆ ಬದಲಾಯಿಸಿದ್ದಾರೆ. ಮರುಮುದ್ರಣದವರೆಲ್ಲ ಆ ತಿದ್ದಿದ ತಟ್ಟೆಯನ್ನೇ ನಂಬಿಕೊಂಡಿದ್ದಾರೆ. ಇದನ್ನು ಅವಳು ಸಿಕ್ಕಸಿಕ್ಕ ರೆಕಾರ್ಡು ವ್ಯಾಪಾರಿಗಳಿಗೆಲ್ಲ ಹೇಳಿದ್ದಳು. ಆದರೆ ಎಡವಿದ ಮೇಲೆ ಅವನು ಯಾವ ದಾರಿ ಹಿಡಿದ ಎನ್ನುವುದನ್ನು ಮಾತ್ರ ಒಬ್ಬರಿಗೂ ಹೇಳಿರಲಿಲ್ಲ, ತಂಗಿಗೂ ಹೇಳಿರಲಿಲ್ಲ. ಹೇಳಿದರೆ ಯಾರಾದರೂ ‘ಹೌದು, ನಾನೂ ಕೇಳಿದ್ದೇನೆ’ ಎಂದು ಟೋಪಿ ಹಾಕಬಹುದೆಂಬ ಎಚ್ಚರ.

ಅಷ್ಟರಲ್ಲಿ ಕಿವಿ ಕೈಕೊಡತೊಡಗಿತು. ಜೀವಮಾನವಿಡೀ ಉಗಿಯ ಸುಯ್‌ಗುಟ್ಟುವಿಕೆಯ ಪಕ್ಕದಲ್ಲೇ ನಿಂತವಳು. ಕಿವಿಗಳಾದರೂ ಎಷ್ಟು ಸಹಿಸಿಯಾವು? ಸಣ್ಣ ದನಿಗಳು ಮೊದಲು ಹೋಗುತ್ತವೆ, ದಪ್ಪ ದನಿಗಳು ಆಮೇಲೆ ಎಂದರು ಡಾಕ್ಟರು. ಕಿವಿಯಂತ್ರ ಬಂತು. ಅದರಲ್ಲಿ ಸ್ಯಾಕ್ಸೊಫೋನು ತಗಡು ಉಜ್ಜಿದ ಹಾಗೆ ಕೇಳಿಸುತ್ತಿತ್ತು.

ಆ ದಿನಗಳಲ್ಲೇ, ಬಹಳ ವರ್ಷ ಅವಳಿಗೆ ರೆಕಾರ್ಡು ತರಿಸಿಕೊಟ್ಟಿದ್ದ ಜುಟ್ಟಿನ ವ್ಯಾಪಾರಿ ಮೆತ್ತಗೆ ಹೇಳಿದ: “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅವನು ಎಡವೇ ಇಲ್ಲ ಅನ್ಸುತ್ತೆ. ಚಿಕ್ಕ ವಯಸ್ಸಲ್ಲಿ ಕೇಳಿದ್ದು ನೋಡಿ, ಅಳ್ತಾ ಬೇರೆ ಇದ್ರಿ.”

ಅಕ್ಕ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತಳು. ಕಿವಿ ಹೋಗುವ ಚಿಂತೆಯನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಇಲ್ಲದ್ದನ್ನು ಇದೆ ಎಂದುಕೊಂಡು ಇಡೀ ಬದುಕನ್ನೇ ಕಳೆದುಬಿಟ್ಟೆನೇ ಎನ್ನುವುದನ್ನು ನುಂಗಲಾಗಲಿಲ್ಲ. “ಎಲ್ಲಾ ನಾನೇ ಮನಸ್ಸಲ್ಲಿ ಕಟ್ಕೊಂಡಿದ್ದೇನೋ ಕಣೇ,” ಎಂದಳು. ರೇಗಿಸಲು ಇಷ್ಟು ಒಳ್ಳೆಯ ಅವಕಾಶ ಸಿಕ್ಕಿದರೂ ತಂಗಿ ಅದನ್ನು ಬಿಟ್ಟು, ಬಗ್ಗಿ ಅಕ್ಕನ ಚಪ್ಪಲಿ ಬಿಚ್ಚಿದಳು.

ಕೊನೆಗೆ ಒಂದು ಪೆಟ್ಟಿಗೆ ಬಂತು. ಸ್ಟುಡಿಯೋದ ಉಗ್ರಾಣದಲ್ಲಿ ಉಳಿದಿದ್ದ ಸರದಿಗಳನ್ನೆಲ್ಲ, ಬಿಟ್ಟದ್ದು ಕೆಟ್ಟದ್ದು ಸಮೇತ, ಒಟ್ಟುಮಾಡಿದ ಮರುಮುದ್ರಣ. ಜುಟ್ಟಿನವನೇ ತಂದುಕೊಟ್ಟು, ನಿಲ್ಲದೆ ಹೋದ. ಅಕ್ಕತಂಗಿಯರು ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿದರು. ಅಕ್ಕ ಕಿವಿಯಂತ್ರವನ್ನು ಏರಿಸಿ, ಇಳಿಸಿ, ಸ್ಪೀಕರಿಗೆ ಕೆನ್ನೆ ತಾಗಿಸಿ ಕೂತಳು. ತಂಗಿ ಯಾರದೋ ಅಂಗಿಗೆ ಗುಂಡಿ ಹಾಕುತ್ತ ಮಂಚದ ಮೇಲೆ ಕೂತಳು.

ಮೊದಲನೆಯ ಸರದಿ ಮುಗಿಯಿತು. ಎರಡನೆಯದೂ ಮುಗಿಯಿತು. ಅಕ್ಕನ ಮುಖ ನೋಡಿದರೆ, ಒಳಗೆ ತಗಡಿನ ಗಲಾಟೆ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಇದು ನೀಟಾದದ್ದೋ ಎಡವಿದ್ದೋ ಎಂದು ಅವಳಿಗೇ ತಿಳಿಯುವಂತಿರಲಿಲ್ಲ. ‘ಬಂತು ಕಣೇ, ಈಗ ಎಡವಿದ’ ಎಂದು ಒಂದು ಸುಳ್ಳು ಒಗೆದುಬಿಡಲೇ ಎಂದು ತಂಗಿಗೆ ಅನ್ನಿಸಿತು. ಸುಳ್ಳು ಹೇಳುವುದು ಅವಳಿಗೇನೂ ಕಷ್ಟವಲ್ಲ, ಗಿರಾಕಿಗಳಿಗೆ ದಿನವೂ ‘ನಾಳೆ ರೆಡಿ’ ಎನ್ನುವವಳು. ಆದರೆ ಸ್ಪೀಕರಿಗೆ ಅಂಟಿಕೊಂಡಿದ್ದ ಆ ಬಿಳಿತಲೆಯ ಮುಂದೆ ನಾಲಗೆ ಏಳಲಿಲ್ಲ.

ಇನ್ನೊಂದು ಸರದಿ ಓಡುತ್ತಿತ್ತು. ತಂಗಿಯ ಸೂಜಿ ಇದ್ದಕ್ಕಿದ್ದಂತೆ ಬೆರಳಿಗೆ ಚುಚ್ಚಿತು.

“ಅಯ್ಯೋ, ಎಡವಿದ!” ಎಂದಳು. ಯಾರೂ ಕೇಳದೆ, ತನಗೇ ಗೊತ್ತಿಲ್ಲದೆ ಬಾಯಿಂದ ಬಂದ ಮಾತು.

ಅವಳ ಬಾಯಿ ಅಲುಗಿದ್ದನ್ನು ಅಕ್ಕ ಕಂಡಳು. ತಂಗಿ ಆ ಸರದಿ ಮುಗಿಯುವವರೆಗೂ ಕಿವಿಗೊಟ್ಟು ಕೇಳಿ, ಹೋಗಿ ರೆಕಾರ್ಡು ನಿಲ್ಲಿಸಿದಳು.

“ಏನಂದೆ?”

“ಎಡವಿದ ಕಣೇ. ನಿಜವಾಗ್ಲೂ. ನನ್ನಾಣೆ.”

“ಸಮಾಧಾನಕ್ಕೆ ಹೇಳ್ತಿದೀಯ.”

“ನನಗೇನು ಹುಚ್ಚಾ?”

ಅಕ್ಕ ಕಿವಿಯಂತ್ರವನ್ನು ಕಿತ್ತು ಪಕ್ಕಕ್ಕಿಟ್ಟಳು. “ಹಾಗಾದ್ರೆ ಹಾಡಿ ತೋರ್ಸು. ಎಡವಿ ಆಮೇಲೆ ಎಲ್ಲಿಗೆ ಹೋದ?”

ತಂಗಿ ಹುಟ್ಟಿನಿಂದ ಒಂದು ಲಾಲಿಯನ್ನೂ ನೆಟ್ಟಗೆ ಹಾಡಿದವಳಲ್ಲ. ಅಕ್ಕನಿಗೆ ಇನ್ನೂ ಅಷ್ಟಿಷ್ಟು ಕೇಳಿಸುತ್ತಿದ್ದ ಕಿವಿಗೆ ಬಾಯಿಟ್ಟು, ಗಂಡಸಿನಂಥ ತನ್ನ ದಪ್ಪ ಗಂಟಲಿನಲ್ಲಿ ಶುರುಮಾಡಿದಳು. ಪದಗಳಿಲ್ಲ, ಬರೀ ‘ಬಾಬಾ, ದೀಬ’. ಮೊದಲ ಸ್ವರದಿಂದ ಹಿಡಿದು ಒಂದು ಹೆಜ್ಜೆಯನ್ನೂ ಬಿಡದೆ ಓಡಿದಳು, ಓಡಿದಳು, ಎಡವಿದಳು. ಎಡವಿದ ಆ ತಪ್ಪು ಸ್ವರವನ್ನೇ ಮತ್ತೆ ಮತ್ತೆ ಒತ್ತಿ ಹೇಳಿದಳು, ‘ನಾನು ಬೇಕೆಂದೇ ಇಲ್ಲಿಗೆ ಬಂದದ್ದು’ ಎನ್ನುವ ಠೀವಿಯಲ್ಲಿ. ಮೇಲೇರಬೇಕಾದಲ್ಲಿ ಕೆಳಗಿಳಿದಳು, ಇಳಿದಲ್ಲಿಂದ ಚಂಗನೆ ನೆಗೆದಳು.

ಅಕ್ಕ ಕಣ್ಣು ಮುಚ್ಚಿದ್ದಳು. ಮುಚ್ಚಿದ ಕಣ್ಣಿಂದಲೇ ನೀರಿಳಿಯಿತು. “ಅದೇ,” ಎಂದಳು. “ಅದೇ ಕಣೇ. ಅದನ್ನ ನಾನು ಯಾರಿಗೂ ಹೇಳಿರ್ಲಿಲ್ಲ.”

ಆಮೇಲೆ ಕಣ್ಣು ತೆರೆದು ತಂಗಿಯನ್ನು ದಿಟ್ಟಿಸಿದಳು. “ಮೊದಲಿಂದ ಕೊನೇವರೆಗೂ ಬಾಯಿಪಾಠ ಇದೆಯಲ್ಲೇ ನಿನಗೆ! ಇಷ್ಟು ವರ್ಷ ಬರೀ ಬೈತಿದ್ದೆ!”

“ಬೈಯೋಕೂ ಕೇಳಿಸ್ಕೋಬೇಕಲ್ಲ,” ಎಂದಳು ತಂಗಿ, ಸೂಜಿ ಚುಚ್ಚಿದ ಬೆರಳನ್ನು ಚೀಪುತ್ತ.

ಅಕ್ಕ ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡು, ಕಿವಿಯನ್ನು ಮತ್ತೆ ಅವಳ ಬಾಯಿಯ ಹತ್ತಿರ ತಂದಳು.

“ಇನ್ನೊಂದ್ಸಲ ಎಡವು,” ಎಂದಳು.

ತಂಗಿ ಗಂಟಲು ಸರಿಮಾಡಿಕೊಂಡು ಮೊದಲಿಂದ ಶುರುಮಾಡಿದಳು.