ಹೌದು ಎಂದ ನಾಲ್ವರು

ನಿನ್ನೆ ಅನಘಾ ನನ್ನ ಹೊಸ ಫೋನಿನಲ್ಲಿ ಫೋಟೋ ಕಳಿಸುವುದನ್ನು ಹೇಳಿಕೊಟ್ಟಳು. ಬೆರಳು ಸರಸರ ಓಡಿಸಿ, "ಗೊತ್ತಾಯ್ತಾ ಅಜ್ಜಿ?" ಎಂದಳು. "ಹ್ಞೂಂ" ಎಂದೆ. ಏನೂ ಗೊತ್ತಾಗಿರಲಿಲ್ಲ. ಮಕ್ಕಳೇ, ಈ ಹ್ಞೂಂ ನನಗೆ ಊರಿನ ಶಾಲೆಯಿಂದ ಬಂದದ್ದು. ಇಲ್ಲ ಎಂದರೆ ತರಗತಿಯೆಲ್ಲ ತಿರುಗಿ ನೋಡುತ್ತದಲ್ಲ! ಇದೇ ಹ್ಞೂಂ ಒಮ್ಮೆ ನಿಮ್ಮ ಅಜ್ಜನ ಪಿಎಚ್.ಡಿ.ಯನ್ನು ಮುಳುಗಿಸುವುದರಲ್ಲಿತ್ತು.

ಎಂಬತ್ತರ ದಶಕದ ಆರಂಭ. ಕೊಲ್ಲಿ ದೇಶದ ಸೆಗಯಾ ಬಡಾವಣೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಜ್ಜ ಹಗಲು ಟೆಲಿಫೋನ್ ಕೆಲಸ ಮುಗಿಸಿ, ಸಂಜೆ ಊಟದ ಮೇಜಿನ ಮೇಲೆ ಊರಿನ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯುತ್ತಿದ್ದರು. ಹಾಗಾಗಿ ನಾವು ನೆಲದಲ್ಲಿ ಕೂತು ಉಣ್ಣುತ್ತಿದ್ದೆವು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಕಳಿಸಿದರೆ ಅಲ್ಲಿನ ಹೆಂಗಸರಿಗೆ ಎಷ್ಟು ತಲುಪುತ್ತದೆ ಎಂಬುದು ಅವರ ವಿಷಯ. ರಜೆಯಲ್ಲಿ ಊರಿಗೆ ಹೋಗಿ ಹಳ್ಳಿ ತಿರುಗುವ ಮೊದಲು ಪ್ರಶ್ನೆಗಳನ್ನು ನಮ್ಮ ಮೇಲೇ ಪರೀಕ್ಷಿಸಿದರು. ನಾವೂ ಹಳ್ಳಿಯವರೇ ತಾನೆ. ಒಂದು ಶುಕ್ರವಾರ ಪಕ್ಕದ ಮನೆಯ ಶಾರದಕ್ಕ, ಇನ್ನಿಬ್ಬರು ಮತ್ತು ನಾನು ಚಾಪೆಯ ಮೇಲೆ ಕೂತು ಕ್ಯಾಸೆಟ್ ಕೇಳಿದೆವು. ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಮಾಡುವ ಪಾಠ. "ತಿಳಿಯಿತೇ?" ಎಂದು ಅಜ್ಜ ಕೇಳಿದರು. ನಾಲ್ವರೂ ಹೌದು ಎಂದೆವು. ಖುಷಿಯಿಂದ ನಾಲ್ಕು ಗೀಟು ಹಾಕಿಕೊಂಡರು.

ಮರುದಿನ ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ಶಾರದಕ್ಕನನ್ನು ಕೇಳಿದೆ, "ಉಪ್ಪು ಎಷ್ಟು ಹಾಕುವುದು?"

"ಯಾರಿಗೆ ಗೊತ್ತು ಮಾರಾಯ್ತಿ! ಪಾಪ, ನಿನ್ನ ಗಂಡ ಅಷ್ಟು ಕಷ್ಟಪಟ್ಟು ಟೇಪ್ ಹಾಕಿದ್ದಾರೆ. ಇಲ್ಲ ಅಂತ ಹೇಳುವುದು ಹೇಗೆ?"

ಅಜ್ಜ ಊರಿಗೆ ಟಿಕೆಟ್ ಮಾಡಿಸಿಯಾಗಿತ್ತು. ಊರಿನಲ್ಲೂ ಎಲ್ಲರೂ ಹೀಗೆಯೇ ಹೌದು ಎನ್ನುತ್ತಾರೆ, ಅಜ್ಜನ ಇಷ್ಟು ವರ್ಷದ ಓದು ಆ ಸುಳ್ಳಿನ ಮೇಲೆ ನಿಲ್ಲುತ್ತದೆ. ಆದರೆ ಅವರಿಗೆ ಎದುರು ಹೇಳಿ ನನಗೆ ಅಭ್ಯಾಸವೇ ಇರಲಿಲ್ಲ. ಸೌಟು ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕೊನೆಗೆ ಮೇಜಿನ ಹತ್ತಿರ ಹೋಗಿ ಹೇಳಿಯೇಬಿಟ್ಟೆ.

"ನೀನೂ ಹೌದು ಅಂದೆಯಲ್ಲ?"

"ನನಗೂ ತಿಳಿದಿರಲಿಲ್ಲ."

ಅಜ್ಜ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, "ಮತ್ತೆ ಹೇಗೆ ಕೇಳುವುದು, ನೀನೇ ಹೇಳು" ಎಂದರು.

"ಕೇಳಬೇಡಿ. ಮಾಡಿ ತೋರಿಸಲಿಕ್ಕೆ ಹೇಳಿ."

ಮುಂದಿನ ಶುಕ್ರವಾರ ನಾಲ್ವರೂ ಅಡುಗೆಮನೆಯಲ್ಲಿ. ಶಾರದಕ್ಕ ಒಂದು ಹಿಡಿ ಉಪ್ಪು ಸುರಿದರು.

"ಶಾರದಕ್ಕ, ಇದು ಮಗುವಿಗೋ, ಮೀನಿಗೋ?" ಎಂದರು ಅಜ್ಜ.

"ನಿಮ್ಮ ಟೇಪು ಗ್ರಾಂ, ಗ್ರಾಂ ಅಂತದೆ. ನನ್ನ ಚಮಚದಲ್ಲಿ ಗ್ರಾಂ ಬರೆದುಂಟಾ?"

ಅಜ್ಜ ನಗಲಿಲ್ಲ. ಅದನ್ನು ಹಾಗೆಯೇ ಬರೆದುಕೊಂಡರು. ಹಳೆಯ ಪ್ರಶ್ನೆಗಳನ್ನು ಹರಿದರು, ಟಿಕೆಟ್ ರದ್ದು ಮಾಡಿದರು, ಪಾಠವನ್ನು ಚಮಚ-ಲೋಟದ ಲೆಕ್ಕದಲ್ಲಿ ಮತ್ತೆ ಬರೆದರು. ಆ ವರ್ಷ ನಾವು ಊರು ನೋಡಲಿಲ್ಲ. ಪದವಿ ಎರಡು ವರ್ಷ ತಡವಾಗಿ ಬಂತು. ಅಷ್ಟೂ ದಿನ ನಾವು ನೆಲದಲ್ಲೇ ಉಂಡೆವು, ಒಮ್ಮೆಯೂ ಬೇಸರವಾಗಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅನಘಾ ಶಾಲೆಯಿಂದ ಬಂದಳು. ಕರೆದು ಹೇಳಿದೆ: "ಮಗಾ, ನಿನ್ನೆ ನನಗೆ ತಿಳಿಯಲಿಲ್ಲ. ಇವತ್ತು ನೀನು ಕೈಕಟ್ಟಿ ಕೂತುಕೋ. ಫೋನು ನನ್ನ ಕೈಯಲ್ಲಿರಲಿ."