ಅತ್ತೆಯ ಕಣ್ಣಿಗೆ ತಂದ ಬಲ್ಬು

ನಮ್ಮ ಮಹಿಳಾ ಮಂಡಳದ ನಾಟಕದಲ್ಲಿ ನಾನು ರಾಜ. ಎತ್ತರಕ್ಕೆ ಆ ಪಾತ್ರ ಬಂತೆಂದು ಗೆಳತಿಯರು ಆಡಿಕೊಂಡರು. ದನಿಗೆ ಬಂತೆಂದು ನಾನು ಇವತ್ತಿಗೂ ನಂಬಿದ್ದೇನೆ. ಎಪ್ಪತ್ತರ ದಶಕದ ಮಾತು, ಊರು ಅಣ್ಣಿಗೇರಿಯ ಬಾಜೂದ್ದು. ಹೆಂಗಸರು ಮೀಸೆ ಹಚ್ಚಿಕೊಳ್ಳುವುದೇ ಎಂದು ಮೂಗು ಮುರಿದವರ ಬಾಯಿ ಮುಚ್ಚಿಸಿದವರು ನನ್ನ ಅತ್ತೆ. ಸೊಸೆ ರಾಜನಾಗುತ್ತಾಳೆ, ನಾನು ನೋಡಲೇಬೇಕು ಎಂದು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಸಾರಿಬಿಟ್ಟರು. ಆದರೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಗಲಲ್ಲಿ ನನ್ನ ಮುಖ ಗುರುತಿಸುತ್ತಿದ್ದರು, ದೀಪ ಹಚ್ಚುವ ಹೊತ್ತಿಗೆ ದನಿಯಿಂದಲೇ. ಅವರಿಗೆ ಕಾಣದ ಮೇಲೆ ನನ್ನ ರಾಜ್ಯ ಯಾರಿಗೆ ಬೇಕಿತ್ತು?

ಜೋರು ಬೆಳಕಿದ್ದರೆ ಕಂಡೀತೆಂದು ಹುಡುಕಿದಾಗ ಅಣ್ಣಿಗೇರಿಯ ಹಳೆಯ ನಾಟಕದವರೊಬ್ಬರ ಅಟ್ಟದಿಂದ ಎರಡು ಫೋಕಸ್ ಲೈಟು ಸಿಕ್ಕವು. ಎರಡರ ಬಲ್ಬೂ ಸುಟ್ಟಿದ್ದವು. ನಮ್ಮೂರ ಗಿರಣಿಯವರ ಹೆಂಡತಿ ನಾಟಕದಲ್ಲಿ ನನ್ನ ರಾಣಿ. ನಾನೂ ಅವಳೂ ಸುಟ್ಟ ಬಲ್ಬೊಂದನ್ನು ಹಳೆಯ ಕುಪ್ಪಸದಲ್ಲಿ ಸುತ್ತಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ಬಲ್ಬೆಂದರೆ ಬಲ್ಬು ಎಂದುಕೊಂಡಿದ್ದೆವು. ಅಂಗಡಿಯವರು ಮೊದಲು ಅದರ ಬುಡ ನೋಡಿ, ತಿರುಗಿಸಿ ಕೂರಿಸುವ ದಪ್ಪ ಬುಡದ್ದೇ ಆಗಬೇಕೆಂದರು. ಆಮೇಲೆ ಒಳಗಿನ ತಂತಿ ಎಷ್ಟು ಎತ್ತರಕ್ಕಿದೆ ಎಂದು ಬೆರಳಿಟ್ಟು ಅಳೆದರು. ಅದು ಲೈಟಿನ ಹಿಂದಿನ ಕನ್ನಡಿಯ ನಡುವಿಗೆ ಬರದಿದ್ದರೆ ಬೆಳಕು ರಾಜನನ್ನು ಬಿಟ್ಟು ಮುಗಿಲಿಗೆ ಹೋಗುತ್ತದಂತೆ. ಕೊನೆಗೆ ಊರಿನ ಕರೆಂಟು ಹೇಗೆ ಎಂದು ಕೇಳಿದರು.

"ಇದ್ದಾಗ ಇರತೈತ್ರಿ," ಎಂದಳು ನನ್ನ ರಾಣಿ.

ಅವರು ನಕ್ಕು, ಇನ್ನೂರೈವತ್ತು ವೋಲ್ಟಿನದೊಂದು ಜೋಡಿ, ಕರೆಂಟು ಸೊರಗಿದ ಊರಲ್ಲೂ ಬೆಳ್ಳಗೆ ಉರಿಯಲೆಂದು ಇನ್ನೂರರದೊಂದು ಜೋಡಿ ಕೊಟ್ಟರು. ಹಚ್ಚಿ ನೋಡಿ, ಒಲ್ಲದ್ದನ್ನು ವಾಪಸು ತರಬೇಕೆಂದರು.

ಆರಿಸುವವರು ಅತ್ತೆಯೇ ಎಂದು ನಾನು ಹಟ ಹಿಡಿದೆ. ಮರುದಿನ ಸಂಜೆ ಶಾಲೆಯ ಅಂಗಳದಲ್ಲಿ, ನಾಟಕದ ದಿನ ಅವರು ಕೂರುವ ಜಾಗದಲ್ಲೇ ಚಾಪೆ ಹಾಸಿ ಕೂರಿಸಿದೆವು. ಇನ್ನೂರೈವತ್ತರ ಜೋಡಿ ಹಚ್ಚಿ ನಾನು ಬೆಳಕಿನಲ್ಲಿ ನಿಂತಾಗ ಯಾರೋ ನಿಂತಿದ್ದಾರೆ ಎಂದರು. ನನಗೆ ಅಳುವೇ ಬಂತು. ಇನ್ನೂರರ ಜೋಡಿ ಹಚ್ಚಿದಾಗ ನನ್ನ ಸೀರೆಯ ದಡಿ ಕೆಂಪು ಎಂದರು. ಅಲ್ಲಿಗೆ ತೀರ್ಮಾನವಾಯಿತು. ಒಲ್ಲದ ಜೋಡಿಯನ್ನು ವಾಪಸು ಕೊಟ್ಟು, ಇರಲಿ ಎಂದು ಇನ್ನೂರರದೇ ಇನ್ನೊಂದು ಬಲ್ಬು ತಂದಿಟ್ಟೆವು.

ಆದರೆ ಶಾಲೆಯ ಪಕ್ಕದ ಗಿರಣಿಯನ್ನು ಎಲ್ಲರೂ ಮರೆತಿದ್ದೆವು. ಅದು ತಿರುಗತೊಡಗಿದರೆ ಊರ ದೀಪಗಳೆಲ್ಲ ಕೆಂಪಾಗುತ್ತಿದ್ದವು, ನಾವು ಬಲ್ಬು ಹಚ್ಚಿ ನೋಡಿದ ಸಂಜೆಯೂ ತಿರುಗುತ್ತಿತ್ತು. ದಿನಾ ಕೇಳುವ ಸಪ್ಪಳ, ಯಾರು ಲಕ್ಷ್ಯ ಕೊಡುತ್ತಾರೆ? ನಾಟಕದ ದಿನ ಗಿರಣಿಯವರು ಹೆಂಡತಿಯ ಕಿರೀಟ ನೋಡಲೆಂದು ಗಿರಣಿ ಬಂದ್ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಮುಂದೆ ಬಂದು ಕೂತರು. ಪರದೆ ಸರಿಯಿತು. ಪೂರ್ತಿ ಕರೆಂಟು ಕುಡಿದ ಬಲ್ಬುಗಳು ಬೆಳ್ಳಗೆ ಉರಿದವು. ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಬಲ್ಬು ಢಬ್ಬೆಂದು ಹೋಯಿತು. ತಂದಿಟ್ಟದ್ದನ್ನು ಹಾಕಿದರೆ ಅದೂ ಹೋಗುವುದೇ.

ನನ್ನ ರಾಣಿ ಗಂಡನನ್ನು ನೋಡಿದಳು, ಆಚೆ ಗಿರಣಿಯನ್ನು ನೋಡಿದಳು. ಕಿರೀಟ ಸಮೇತ ಮುಂದೆ ಬಂದು, "ಏನ್ರಿ, ಹೋಗಿ ಗಿರಣಿ ಚಾಲೂ ಮಾಡ್ರಿ," ಎಂದಳು.

ಪಾಪ, ಎದ್ದು ಹೋದರು. ಬರೀ ಕಲ್ಲು ತಿರುಗಿದರೆ ಕರೆಂಟು ಇಳಿಯುವುದಿಲ್ಲ, ಕಾಳು ಬೇಕೆಂದು ಹೇಳಿ ಕಳಿಸಿದಾಗ ನೋಡಲು ಬಂದಿದ್ದ ಹೆಂಗಸರು ಮನೆಗೆ ಓಡಿ ಬುಟ್ಟಿ ತುಂಬ ಜೋಳ ತಂದು ಸುರಿದರು. ಕರೆಂಟು ಇಳಿಯಿತು, ಹೊಸ ಬಲ್ಬು ಹಾಕಿದೆವು, ನಾಟಕ ಮತ್ತೆ ಶುರುವಾಯಿತು. ಗಿರಣಿಯವರು ಹಿಟ್ಟು ಮೆತ್ತಿದ ಇಸ್ತ್ರಿ ಅಂಗಿಯಲ್ಲೇ ನಡುನಡುವೆ ಗೋಡೆಯ ಮೇಲಿಂದ ಹಣಿಕಿ ಹಾಕುತ್ತ ತಮ್ಮ ರಾಣಿಯನ್ನು ನೋಡಿಕೊಂಡರು.

ನಾನು ತುಂಬಿದ ದರ್ಬಾರಿನಲ್ಲಿ ಕತ್ತಿ ಎತ್ತಿ ವೈರಿಗಳನ್ನು ಬೆದರಿಸುತ್ತಿದ್ದೆ. ಅತ್ತೆ ಚಾಪೆಯ ಮೇಲೆ ಎದ್ದು ನಿಂತರು.

"ಯವ್ವಾ, ಎಡಗಡಿ ಮೀಸಿ ಜೋತಬಿದ್ದೈತಿ. ಒತ್ತಿಕೋ."

ಮಂದಿಯೆಲ್ಲ ನಕ್ಕರು. ಮುಂದಿನ ಮಾತು ನನಗೆ ಪೂರಾ ಮರೆತುಹೋಯಿತು. ಅವರಿಗೆ ಮೀಸೆ ಕಂಡಿತ್ತು. ಅಷ್ಟು ಸಂತೋಷ ನನಗೆ ಲಗ್ನದ ದಿನವೂ ಆಗಿರಲಿಲ್ಲ. ಕತ್ತಿ ಕೆಳಗಿಟ್ಟು ಮೀಸೆ ಒತ್ತಿಕೊಂಡೆ. ಅವರ ಕಡೆ ತಿರುಗಿ, ಸರಿಯಾಯಿತೇ ಎಂದು ಕೇಳಿದೆ.

ಅವರು ಕಣ್ಣು ಕಿರಿದು ಮಾಡಿ ನನ್ನನ್ನು ಕಾಲಿನಿಂದ ಕಿರೀಟದವರೆಗೂ ನೋಡಿದರು. "ಹಾಂ, ಈಗ ರಾಜಾ ಆದಿ ನೋಡು," ಎಂದು ಕೂತರು.