ಬ್ರೇಕು ಒತ್ತುವವರು

ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಕಾರಿನೊಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಕ್ರದ ಹಿಂದಿರುವ ಪುಟ್ಟ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ಹೊರಗೆ ಹೋದ ಮೇಲೆ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವರು ಕಾಲು ತೆಗೆದರೆ ಗಾಳಿ ವಾಪಸು ಒಳಗೆ ಹೋಗಿ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಮ್ಮ ಮನೆಯಲ್ಲಿ ಮೇಲೆ ಕೂರುವವಳು ನಾನು, ಕೆಳಗೆ ಮಲಗುವವರು ಇವರು. ನಾವು ಗಂಡ ಹೆಂಡತಿ ಆಡಿದ ಮಾತಿನಲ್ಲಿ ಅರ್ಧ ಹೀಗೆಯೇ, ಕಾರಿನ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಮುಖ ನೋಡಿಕೊಂಡು ಮಾತಾಡಿದಾಗ ಹೆಚ್ಚಾಗಿ ಜಗಳವೇ ಆಗುತ್ತಿತ್ತು.

ಇವರು ಹೋದ ಮೇಲೆ ಎರಡು ದಸರಾ ಕಳೆದವು.

ಕಾರು ಅರವತ್ತರ ದಶಕದ್ದು, ಎರಡು ಬಾಗಿಲಿನದು. ಅಮೆರಿಕದವರು ಇದನ್ನು ಕಾಂಪ್ಯಾಕ್ಟ್, ಅಂದರೆ ಪುಟ್ಟ ಕಾರು, ಎನ್ನುತ್ತಾರೆ. ಹಾಸನದಲ್ಲಿ ನಮ್ಮ ಅತ್ತೆ ಮನೆಯ ಬೀದಿಗೆ ಇದು ನುಗ್ಗಿದರೆ ತಿರುಗಿಸುವುದಕ್ಕೆ ಪಕ್ಕದ ಮನೆಯ ಜಗಲಿ ಒಡೆಯಬೇಕಾದೀತು. ಹುಟ್ಟಿದಾಗ ಇದಕ್ಕೆ ಇದ್ದದ್ದು ಸಾಧು ಎಂಜಿನ್. ಇವರು ಅದನ್ನು ಕಿತ್ತು, ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಕೂರಿಸಿದರು. ಈ ಚಟಕ್ಕೆ ದೊಡ್ಡ ಗರಾಜು ಬೇಕೆಂದೇ ನಾವು ಕ್ಯಾಲಿಫೋರ್ನಿಯಾದ ಈ ಗಿಲ್‌ರಾಯ್‌ಗೆ ಬಂದದ್ದು. ನನ್ನ ಲ್ಯಾಬು ಎಪ್ಪತ್ತು ಮೈಲಿ ದೂರದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಗಂಡನ ಗರಾಜಿಗಾಗಿ ದಿನವೂ ಫ್ರೀವೇಯಲ್ಲಿ ಅರ್ಧ ಆಯುಷ್ಯ ಕಳೆದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು ಎಂದು ಗೊಣಗುತ್ತಿದ್ದೆ. ಈಗ ಗೊಣಗಿದರೆ ಕೇಳಿಸಿಕೊಳ್ಳುವವರಿಲ್ಲ, ಆದ್ದರಿಂದ ಅದನ್ನೂ ಬಿಟ್ಟಿದ್ದೇನೆ.

ಕಾರು ಇದ್ದದ್ದೇ ರೇಸಿಗೆ. ರೇಸು ಅಂದರೆ ಕಾಲು ಮೈಲಿಯ ನೇರ ದಾರಿ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಬಿದ್ದ ಕೂಡಲೇ ಬಿಡಬೇಕು. ಇವರಿಗೆ ಬೆನ್ನು ನೋವು ಶುರುವಾದ ಮೇಲೆ ನನ್ನನ್ನೂ ಓಡಿಸಲು ಬಿಡುತ್ತಿದ್ದರು. ಹಸಿರು ದೀಪಕ್ಕೆ ಇವರಿಗಿಂತ ನಾನೇ ಚುರುಕು. ಇದನ್ನು ಇವರು ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ, ಆದರೆ ಸ್ಟಿಯರಿಂಗು ಹೆಚ್ಚು ಹೆಚ್ಚು ನನ್ನ ಕೈಗೇ ಬರತೊಡಗಿತು.

ಇವರಿಲ್ಲದ ಮೇಲೆ ಕಾರು ಬಟ್ಟೆ ಹೊದ್ದು ನಿಂತಿತ್ತು. ರೇಸಿನಲ್ಲಿ ಪರಿಚಯವಾಗಿದ್ದ ಒಬ್ಬ ಮನುಷ್ಯ ಆಗಾಗ ಫೋನು ಮಾಡಿ, ಕೊಡುವುದಾದರೆ ನನಗೇ ಕೊಡಿ ಎನ್ನುತ್ತಿದ್ದ. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿರುವ ಮಗಳದ್ದೂ ಒಂದೇ ರಾಗ. "ಅಮ್ಮಾ, ಜಸ್ಟ್ ಸೆಲ್ ಇಟ್. ಯು ಕಾಂಟ್ ಡು ದಿಸ್ ಅಲೋನ್." ಅವಳ ಆ ಕೊನೆಯ ಮಾತು ನನಗೆ ಚುಚ್ಚಿತು. ಈ ವರ್ಷದ ಕೊನೆಯ ರೇಸಿಗೆ ನಾನೇ ಕಾರು ಸಿದ್ಧ ಮಾಡಿ ಓಡಿಸುತ್ತೇನೆ, ಅಷ್ಟು ಮಾಡಿದರೆ ಇಟ್ಟುಕೊಳ್ಳುತ್ತೇನೆ, ಆಗದಿದ್ದರೆ ಮಾರುತ್ತೇನೆ ಎಂದುಬಿಟ್ಟೆ. ಹಟ ನನಗೆ ತವರಿನ ಬಳುವಳಿ.

ಆಯುಧಪೂಜೆಯ ದಿನ ಕಾರು ತೊಳೆದು, ಸ್ಟಿಯರಿಂಗಿಗೆ, ಗೇರಿಗೆ, ಪೆಡಲುಗಳಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಮರುದಿನ ಹಿಂದಿನ ಚಕ್ರ ಬಿಚ್ಚಿದರೆ ಬ್ರೇಕಿನ ಎಣ್ಣೆ ಸೋರಿ ಒಳಗೆಲ್ಲ ಜಿಡ್ಡಾಗಿತ್ತು. ಸೋರುತ್ತಿದ್ದ ಭಾಗವನ್ನು ತೆಗೆದು ಹೊಸದು ಹಾಕಿದೆ. ಅಷ್ಟು ಒಬ್ಬಳೇ ಮಾಡಿದೆ. ಅಲ್ಲಿಂದ ಮುಂದೆ ಪೆಡಲ್ ಒತ್ತಲು ಒಂದು ಕಾಲು ಬೇಕಾಯಿತು.

ಯಾರನ್ನು ಕರೆಯಲಿ? ಮಗಳನ್ನು ಕರೆದರೆ ಅವಳ ಮಾತೇ ಗೆದ್ದಂತೆ. ನಮ್ಮ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ಬನ್ನಿ ಎಂದರೆ ಬೀದಿಯಲ್ಲಿ ಪಾರ್ಕಿಂಗು ಸಿಗದಷ್ಟು ಜನ ಬರುತ್ತಾರೆ. ಬ್ರೇಕು ಒತ್ತಲು ಬನ್ನಿ ಎಂದು ಹೇಗೆ ಬರೆಯುವುದು? ಬರೆದೆ, ಅಳಿಸಿದೆ. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿಲ್ಲವೆಂದು ಅವತ್ತೇ ನನಗೆ ಹೊಳೆದದ್ದು. ಒಬ್ಬರೇ ಮಾಡುವುದಕ್ಕೆ ಪಂಪು ಸಿಗುತ್ತದೆ, ಅದೂ ಗೊತ್ತಿತ್ತು. ಅದನ್ನು ಕೊಂಡರೆ ಇನ್ನು ಮೇಲೆ ಹೀಗೇ ಎಂದು ಒಪ್ಪಿಕೊಂಡಂತೆ ಅನ್ನಿಸಿ ಕೊಳ್ಳಲಿಲ್ಲ. ಅಡುಗೆ ಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಮಂಡ್ಯ ಕಡೆಯಿಂದ ಇಲ್ಲಿಗೆ ಬಂದಿರುವ ಗೆಳತಿಗೆ ಫೋನು ಮಾಡಿದೆ. ನನಗಿಂತ ಚಿಕ್ಕವಳು, ಸಾಫ್ಟ್‌ವೇರಿನಲ್ಲಿದ್ದಾಳೆ, ನನ್ನನ್ನು ಅಕ್ಕ ಎನ್ನುತ್ತಾಳೆ.

ಶನಿವಾರ ಅವಳು ಸ್ಯಾನ್ ಹೋಸೆಯಿಂದ ಬಿಸಿಬೇಳೆಬಾತಿನ ಡಬ್ಬಿ ಹಿಡಿದು ಬಂದಳು. ಪೂಜೆ ಮಾಡಿದ ಕಾರು ನೋಡಿ ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಹತ್ತಿ ಕೂತಳು. ನಾನು ಹೇಳಿಕೊಟ್ಟೆ. "ಒತ್ತು ಅಂದಾಗ ಒತ್ತು. ನಾನು ಬಿಡು ಅನ್ನೋವರೆಗೂ ಏನೇ ಆದ್ರೂ ಕಾಲು ತೆಗೀಬಾರ್ದು."

"ಅಷ್ಟೇನಾ ಅಕ್ಕ? ಇದಕ್ಕೆ ಇಷ್ಟು ಟೆನ್ಷನ್ನು ಮಾಡ್ಕೊಂಡಿದ್ರಾ?"

ಕೆಳಗೆ ಮಲಗಿ ಒತ್ತು ಎಂದೆ, ಒತ್ತಿದಳು. ಸ್ಕ್ರೂ ಸಡಿಲಿಸಿದೆ, ಗುಳ್ಳೆ ಬರತೊಡಗಿತು. ಇದ್ದಕ್ಕಿದ್ದಂತೆ ಪೆಡಲ್ ಮೇಲೆದ್ದು, ಹೊರಬಂದ ಗಾಳಿಯೆಲ್ಲ ಒಳಗೆ ಹೋಯಿತು. ತೆವಳಿಕೊಂಡು ಹೊರಗೆ ಬಂದು ನೋಡಿದರೆ ಇವಳು ಪೆಡಲನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

"ಕುಂಕುಮ ಇದೆ ಅಕ್ಕ ಇಲ್ಲಿ. ನೋಡ್ದೇನೇ ತುಳಿದುಬಿಟ್ಟೆ."

"ತುಳಿಯೋದಕ್ಕೇ ಅಲ್ವೇನೇ ಅದನ್ನ ಇಟ್ಟಿರೋದು?"

"ಕುಂಕುಮ ಇಟ್ಟಿದ್ ಮೇಲೆ ತುಳಿಯೋದು ಹೇಗೆ? ಒರೆಸಿಕೊಡಿ, ಆಮೇಲೆ ಎಷ್ಟು ಬೇಕಾದ್ರೂ ಒತ್ತೀನಿ."

ಸಿಟ್ಟು ನೆತ್ತಿಗೇರಿತ್ತು, ಆದರೆ ಬೈಯಲು ಬಾಯಿ ಬರಲಿಲ್ಲ. ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ನನಗೂ ಚಿಕ್ಕಂದಿನಲ್ಲಿ ಬೆನ್ನಿಗೆ ಗುದ್ದಿ ಕಲಿಸಿದ್ದರು. ಪೆಡಲ್ ಒರೆಸಿ ಮೊದಲಿನಿಂದ ಶುರು ಮಾಡಿದೆವು. ಅಷ್ಟರಲ್ಲಿ ಅವಳ ಮಗಳ ಭರತನಾಟ್ಯದ ಕ್ಲಾಸು ಮುಗಿಯುವ ಹೊತ್ತಾಗಿ, ಕೊನೆಯ ಚಕ್ರವನ್ನು ಗಡಿಬಿಡಿಯಲ್ಲಿ ಮುಗಿಸಿದೆವು. ಅವಳು ಹೋದ ಮೇಲೆ ಬಿಸಿಬೇಳೆಬಾತನ್ನು ಗರಾಜಿನಲ್ಲೇ ನಿಂತು ತಿಂದೆ. ಮನೆಯೊಳಗೆ ಹೋಗಲು ಮನಸ್ಸಾಗಲಿಲ್ಲ.

ರೇಸಿನ ದಿನ ಕಾರನ್ನು ಟ್ರೈಲರಿಗೆ ಏರಿಸಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರದ ತುದಿಯಲ್ಲಿರುವ ರೇಸಿನ ಮೈದಾನದವರೆಗೆ ಒಬ್ಬಳೇ ಎಳೆದುಕೊಂಡು ಹೋದೆ. ಓಡಿಸುವ ಮೊದಲು ಅಲ್ಲಿ ತಪಾಸಣೆಯಿರುತ್ತದೆ. ತಪಾಸಣೆ ಮಾಡುವ ಮುದುಕ ಎಂಜಿನ್ ನೋಡಿ ಮೆಚ್ಚಿದ, ಬೆಲ್ಟು ಎಳೆದು ನೋಡಿದ. ಕೊನೆಗೆ ಬಾಗಿಲು ತೆಗೆದು, ಬಗ್ಗಿ ಕೈಯಿಂದ ಬ್ರೇಕು ಒತ್ತಿದ. ಪೆಡಲ್ ಮೆತ್ತಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ತಲೆಯಾಡಿಸಿ, ಒಳಗೆ ಗಾಳಿ ಉಳಿದಿದೆ, ಹೀಗೆ ಕಳಿಸಲಾರೆ ಎಂದ. ನಿನ್ನ ಜೊತೆ ಬಂದವರಿಗೆ ಹೇಳು, ಇಲ್ಲೇ ಸರಿಮಾಡಿಕೊಳ್ಳಿ ಎಂದೂ ಹೇಳಿದ.

ಜೊತೆಗೆ ಯಾರೂ ಬಂದಿಲ್ಲ ಎಂದೆ. ಆ ಮಾತನ್ನು ಹೊರಗಿನವರೊಬ್ಬರಿಗೆ ಜೋರಾಗಿ ಹೇಳಿದ್ದು ಅದೇ ಮೊದಲು. ಅವನು ನನ್ನನ್ನು ನೋಡಿದ, ಟ್ರೈಲರನ್ನು ನೋಡಿದ. ಮಧ್ಯಾಹ್ನದ ಊಟಕ್ಕೆ ಬಿಡುವಿದೆ, ನೀನು ಒಳಗೆ ಕೂರು, ನಾನು ಕೆಳಗೆ ಹೋಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಜಾಕು ಹಾಕಿ, ಒಂದು ರಟ್ಟು ಹಾಸಿಕೊಂಡು ಮಲಗಿಯೇಬಿಟ್ಟ.

ನಾನು ಒಳಗೆ ಕೂತೆ. ಅವನ ಬೂಟು ಮಾತ್ರ ಕಾಣುತ್ತಿತ್ತು. ಒತ್ತು ಎಂದ, ಒತ್ತಿದೆ. ಸ್ಪ್ಯಾನರು ತಿರುಗುವ ಸದ್ದು, ಕಾಲ ಕೆಳಗೆ ಪೆಡಲ್ ನಿಧಾನ ಇಳಿಯುವುದು, ಎಲ್ಲ ಹಾಗೆಯೇ ಇತ್ತು.

"ಹೋಲ್ಡ್," ಎಂದು ಕೆಳಗಿನಿಂದ ದನಿ ಬಂತು.

"ಹಿಡ್ಕೊಂಡಿದೀನಿ, ಬಿಗಿ ಮಾಡ್ರೀ," ಎಂದೆ.

ಕೆಳಗೆ ಸದ್ದು ನಿಂತಿತು. ಏನು ಹೇಳಿದೆ ಎಂದು ಅವನು ಕೇಳಿದ. ಹೋಲ್ಡಿಂಗ್ ಎಂದೆ. ಅವನು ಕೆಲಸ ಮುಂದುವರಿಸಿದ. ನಾಲ್ಕು ಚಕ್ರ ಮುಗಿಯುವವರೆಗೆ ಅವನ ಒಂದೊಂದು ಮಾತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ, ಪ್ರತಿ ಸಲವೂ ಬಾಯಿಗೆ ಬಂದ ಕನ್ನಡವನ್ನು ನುಂಗಿಕೊಂಡು. ಕಣ್ಣೀರು ಕುತ್ತಿಗೆಯವರೆಗೆ ಇಳಿದಿತ್ತು. ಕಾಲು ತೆಗೆಯುವಂತಿರಲಿಲ್ಲ, ಕೈಗಳು ಸ್ಟಿಯರಿಂಗನ್ನು ಬಿಡಲಿಲ್ಲ, ಒರೆಸಿಕೊಳ್ಳದೆ ಹಾಗೆಯೇ ಕೂತಿದ್ದೆ.

ಕಾರು ಪಾಸಾಯಿತು. ಮಧ್ಯಾಹ್ನ ಓಡಿಸಿದೆ. ಪಕ್ಕದ ಸಾಲಿನಲ್ಲಿದ್ದ ಹೊಸ ಕಾರು ನನಗಿಂತ ಹಿಂದೆ ಬಿತ್ತು, ದಾರಿಯ ಕೊನೆಯಲ್ಲಿ ಬ್ರೇಕು ಗಟ್ಟಿಯಾಗಿ ಹಿಡಿಯಿತು. ನಾನಂದುಕೊಂಡದ್ದು ಪೂರ್ತಿ ಆಗಿತ್ತು.

ಮನೆಗೆ ಬಂದು ಸ್ನಾನ ಮಾಡಿ, ಕಾರು ನನಗೇ ಕೊಡಿ ಎನ್ನುತ್ತಿದ್ದ ಆ ಮನುಷ್ಯನಿಗೆ ಫೋನು ಮಾಡಿ, ಬಂದು ಕಾರು ತೆಗೆದುಕೊಂಡು ಹೋಗಿ ಎಂದೆ. ಮಗಳಿಗೆ ವಿಷಯ ತಿಳಿದು ಅವಳೇ ಗಾಬರಿಯಾದಳು.

"ಬಟ್ ಅಮ್ಮಾ, ಯು ಡಿಡ್ ಇಟ್. ಯು ಸೆಡ್ ಯು ವುಡ್ ಕೀಪ್ ಇಟ್."

ವಯಸ್ಸಾಯಿತಲ್ಲ ಎಂದು ಏನೋ ಸಬೂಬು ಹೇಳಿದೆ. ಕಾರು ಓಡಿಸುವುದು ನನಗೆ ಬರುತ್ತದೆ, ಸರಿಮಾಡುವುದೂ ಬರುತ್ತದೆ. ಆ ಕಾರಿನ ಕೆಳಗಿನಿಂದ ಬೇರೊಬ್ಬರ ದನಿ ಕೇಳುವುದು ಮಾತ್ರ ನನ್ನಿಂದಾಗುವುದಿಲ್ಲ.